ಉರಾಕಾಮಿಯ ಗಂಟೆ: ಲೆಕ್ಕ ತಪ್ಪದ ಕ್ರಿಸ್ಮಸ್



ಕ್ರಿಸ್ಮಸ್ ಕಂತು ಅಂದ ಕೂಡಲೇ ಕೇಕು, ನಕ್ಷತ್ರದ ಗೂಡುದೀಪ, ಗೋದಲಿ, ಕುಸ್ವಾರು ತಟ್ಟೆ ಇದೆಲ್ಲ ಬರುತ್ತೆ ಅಂತ ನೀವು ಅಂದುಕೊಂಡಿದ್ದರೆ ಸ್ವಲ್ಪ ನಿರಾಸೆ ಆಗಬಹುದು. ಈ ಸಲ ನಾನು ನಿಮ್ಮನ್ನ ಕರ್ಕೊಂಡು ಹೋಗ್ತಿರೋದು ಜಪಾನಿನ ನಾಗಸಾಕಿಗೆ. ಅದರಲ್ಲೂ ಆ ಊರಿನ ಉತ್ತರಕ್ಕಿರುವ ಉರಾಕಾಮಿ ಅನ್ನೋ ಕಣಿವೆಗೆ.

1945ರ ಡಿಸೆಂಬರ್ 24, ಮಧ್ಯಾಹ್ನ. ಅಣುಬಾಂಬ್ ಬಿದ್ದು ನಾಲ್ಕೂವರೆ ತಿಂಗಳು ಕಳೆದಿದೆ. ಉರಾಕಾಮಿಯ ದೊಡ್ಡ ಚರ್ಚ್ ಇದ್ದ ಜಾಗದಲ್ಲಿ ಈಗ ಮುರಿದ ಗೋಡೆ, ಕೆಂಪು ಇಟ್ಟಿಗೆಯ ರಾಶಿ, ತಲೆ ಹಾರಿದ ಸಂತರ ಕಲ್ಲಿನ ಪ್ರತಿಮೆಗಳು. ಆ ರಾಶಿಯಲ್ಲಿ ಕೆಲವರು ಅಗೀತಾ ಇದ್ದಾರೆ. ಅವರಲ್ಲಿ ಒಬ್ಬ ಡಾಕ್ಟರು: ನಾಗಾಯ್ ತಕಾಶಿ. ಜಪಾನೀಯರು ಮನೆತನದ ಹೆಸರು ಮೊದಲು ಹೇಳೋದರಿಂದ ನಾನೂ ಹಾಗೇ ಹೇಳ್ತೀನಿ. ಅವರು ಹುಡುಕ್ತಾ ಇರೋದು ಒಂದು ಗಂಟೆಯನ್ನ. ಚರ್ಚಿಗೆ ಎರಡು ಗೋಪುರ ಇತ್ತು, ಎರಡರಲ್ಲೂ ಒಂದೊಂದು ಗಂಟೆ. ಚಿಕ್ಕದು ಒಡೆದು ಹೋಗಿತ್ತು. ದೊಡ್ಡದು ಇಟ್ಟಿಗೆಗಳ ಅಡಿಯಲ್ಲಿ ಸಿಕ್ಕಿತು. ಸೀಳು ಬಿಟ್ಟಿರಲಿಲ್ಲ. ಮರದ ದಿಮ್ಮಿಗಳನ್ನು ಮುಕ್ಕಾಲಿ ಥರ ನಿಲ್ಲಿಸಿ, ರಾಟೆ ಹಾಕಿ, ಹಗ್ಗ ಎಳೆದು ಗಂಟೆಯನ್ನ ಮೇಲಕ್ಕೆತ್ತಿದರು. ಆ ಸಂಜೆ ತ್ರಿಕಾಲ ಪ್ರಾರ್ಥನೆಯ ಗಂಟೆ ಹೊಡೆದರು.

ಈ ದೃಶ್ಯ ಜಪಾನಿನಲ್ಲಿ ತುಂಬಾ ಪ್ರಸಿದ್ಧ. ಇದರ ಮೇಲೆ ಪುಸ್ತಕ ಬಂತು, ಹಾಡು ಬಂತು, ಸಿನಿಮಾ ಬಂತು. ಆದರೆ ಈ ದೃಶ್ಯವನ್ನ ಮಾತ್ರ ನೋಡಿದರೆ ಅದೊಂದು ಭಾವುಕ ಕ್ರಿಸ್ಮಸ್ ಕಾರ್ಡ್ ಆಗಿಬಿಡುತ್ತೆ. ನನಗೆ ಹತ್ತಿದ ಪ್ರಶ್ನೆ ಬೇರೆ. ಹೆಂಡತಿ ಮಕ್ಕಳನ್ನೆಲ್ಲ ಕಳ್ಕೊಂಡು, ತಗಡಿನ ಜೋಪಡಿಯಲ್ಲಿ ಚಳಿಗೆ ನಡುಗ್ತಾ ಇರೋ ಜನ ಮೊದಲು ಮಾಡಿದ ಕೆಲಸಗಳಲ್ಲಿ ಗಂಟೆ ಅಗೆಯೋದೂ ಒಂದು ಯಾಕಾಯ್ತು? ಅದಕ್ಕೆ ಉತ್ತರ ಬೇಕು ಅಂದ್ರೆ ಒಂದು ಮುನ್ನೂರು ಚಿಲ್ಲರೆ ವರ್ಷ ಹಿಂದೆ ಹೋಗಬೇಕು. ಯಾಕಂದ್ರೆ ಈ ಊರಿನವರಿಗೆ ಗಂಟೆ ಇಲ್ಲದ, ಪಾದ್ರಿ ಇಲ್ಲದ, ಚರ್ಚೇ ಇಲ್ಲದ ಕ್ರಿಸ್ಮಸ್ ಹೊಸದಲ್ಲ.

ಕ್ರೈಸ್ತ ಧರ್ಮ ಜಪಾನಿಗೆ ಹೋಗಿದ್ದು ನಮ್ಮ ಪಕ್ಕದ ಗೋವಾದಿಂದಲೇ. ಫ್ರಾನ್ಸಿಸ್ ಝೇವಿಯರ್ ಗೋವಾದಿಂದ ಹೊರಟು ಮಲಕ್ಕಾ ಮೂಲಕ 1549ರ ಆಗಸ್ಟ್ 15ರಂದು ಕಾಗೊಶಿಮಾದಲ್ಲಿ ಇಳಿದರು. ಮುಂದಿನ ನಲವತ್ತು ಐವತ್ತು ವರ್ಷ ಅದು ಚೆನ್ನಾಗೇ ಬೆಳೆಯಿತು. ನಾಗಸಾಕಿಯಂತೂ ಪೋರ್ಚುಗೀಸ್ ವ್ಯಾಪಾರದ ಬಂದರಾಗಿ, ಹೆಚ್ಚುಕಡಿಮೆ ಕ್ರೈಸ್ತ ಪಟ್ಟಣವೇ ಆಗಿತ್ತು. ಆಮೇಲೆ ಗಾಳಿ ತಿರುಗಿತು. ಈ ಪಾದ್ರಿಗಳ ಹಿಂದೆ ಯುರೋಪಿನ ರಾಜರ ಸೈನ್ಯ ಬರುತ್ತೆ ಅನ್ನೋ ಅನುಮಾನ ಜಪಾನಿನ ಅಧಿಪತಿಗಳಿಗೆ ಬಂತು. ಗೋವಾ, ಮನಿಲಾಗಳ ಕಥೆ ಗೊತ್ತಿದ್ದವರಿಗೆ ಆ ಅನುಮಾನ ಪೂರ್ತಿ ಹುಚ್ಚು ಅಂತ ಹೇಳೋಕೂ ಆಗಲ್ಲ. 1597ರ ಫೆಬ್ರವರಿ 5ರಂದು ನಾಗಸಾಕಿಯ ನಿಶಿಜಾಕಾ ಗುಡ್ಡದ ಮೇಲೆ 26 ಜನರನ್ನ ಶಿಲುಬೆಗೆ ಏರಿಸಿದರು. ಅದರಲ್ಲಿ ಒಬ್ಬರು ನಮ್ಮವರು: ಮುಂಬೈ ಪಕ್ಕದ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ. ತಂದೆ ಪೋರ್ಚುಗೀಸ್, ತಾಯಿ ವಸಾಯಿಯ ಕಡೆಯವರು. ಭಾರತದಲ್ಲಿ ಹುಟ್ಟಿ ಸಂತ ಪದವಿಗೇರಿದವರಲ್ಲಿ ಇವರೇ ಮೊದಲಿಗರು.

1614ರಲ್ಲಿ ಇಡೀ ದೇಶಕ್ಕೆ ನಿಷೇಧ ಬಂತು. 1637ರಲ್ಲಿ ಶಿಮಾಬಾರಾದಲ್ಲಿ ತೆರಿಗೆ, ಹಸಿವು, ಧರ್ಮ ಎಲ್ಲ ಸೇರಿ ರೈತರು ದಂಗೆ ಎದ್ದರು. ಅದನ್ನ ರಕ್ತದಲ್ಲಿ ಅದ್ದಿ ತೆಗೆದರು. ಜಪಾನಿನಲ್ಲಿ ಉಳಿದಿದ್ದ ಕೊನೆಯ ಪಾದ್ರಿ 1644ರಲ್ಲಿ ಕೊಲ್ಲಲ್ಪಟ್ಟರು. ಅಲ್ಲಿಗೆ ಕಡತ ಮುಚ್ಚಿತು ಅಂತ ಸರ್ಕಾರ ತಿಳ್ಕೊಂಡಿತು.

ಮುಚ್ಚಿರಲಿಲ್ಲ.

ಈಗ ನನ್ನ ಮೆಚ್ಚಿನ ಭಾಗಕ್ಕೆ ಬರ್ತೀನಿ. ಪಾದ್ರಿ ಇಲ್ಲ ಅಂದ್ರೆ ಕ್ಯಾಥೊಲಿಕ್ ಧರ್ಮದಲ್ಲಿ ಬಹುಪಾಲು ನಿಂತೇ ಹೋಗುತ್ತೆ. ಬಲಿಪೂಜೆ ಇಲ್ಲ, ಪರಮಪ್ರಸಾದ ಇಲ್ಲ, ಪಾಪನಿವೇದನೆ ಇಲ್ಲ. ಸಾಮಾನ್ಯ ಜನ ತಾವೇ ಮಾಡಬಹುದಾದದ್ದು ಮುಖ್ಯವಾಗಿ ಮೂರು: ಮಗುವಿಗೆ ದೀಕ್ಷಾಸ್ನಾನ ಕೊಡೋದು, ಬಾಯಿಪಾಠದ ಪ್ರಾರ್ಥನೆ ಹೇಳೋದು, ಹಬ್ಬದ ದಿನ ನೆನಪಿಟ್ಟುಕೊಳ್ಳೋದು. ಉರಾಕಾಮಿಯವರು ಇದಕ್ಕೆ ಒಂದು ವ್ಯವಸ್ಥೆ ಮಾಡ್ಕೊಂಡರು. ನೀರು ಹಾಕಿ ದೀಕ್ಷೆ ಕೊಡುವವನು ಮಿಜುಕಾತಾ. ಮನೆಮನೆಗೆ ಸುದ್ದಿ ಮುಟ್ಟಿಸುವವನು ಕಿಕಿಯಾಕು. ಇವರೆಲ್ಲರ ಮೇಲೆ ಒಬ್ಬ ಚೋಕಾತಾ. ಚೋ ಅಂದ್ರೆ ಲೆಕ್ಕದ ಪುಸ್ತಕ. ಚೋಕಾತಾ ಅಂದ್ರೆ ಲೆಡ್ಜರ್ ಇಟ್ಟವನು!

ನಾನು ಬಿ.ಕಾಂ ಓದಿದವಳು. ಧರ್ಮದ ಇತಿಹಾಸ ಓದ್ತಾ ಓದ್ತಾ ಲೆಡ್ಜರ್ ಅನ್ನೋ ಪದ ಸಿಕ್ಕಾಗ ಆದ ಖುಷಿ ಹೇಳೋಕಾಗಲ್ಲ.

ಈ ಲೆಕ್ಕಿಗನ ಕೆಲಸ ಏನು? ದಿನದ ಲೆಕ್ಕ. ಬಾಸ್ಟಿಯನ್ ಅಂತ ಒಬ್ಬ ಸ್ಥಳೀಯ ಪ್ರಚಾರಕ ಇದ್ದನಂತೆ, ರಕ್ತಸಾಕ್ಷಿಯಾಗಿ ಸತ್ತವನು. ಅವನ ಹೆಸರಿನಲ್ಲಿ 1634ರ ಒಂದು ಕ್ಯಾಲೆಂಡರ್ ಉಳಿದು ಬಂತು. ಯುರೋಪಿನ ಸೌರಮಾನದಲ್ಲಿದ್ದ ಹಬ್ಬಗಳನ್ನ ಜಪಾನಿನ ಚಾಂದ್ರಮಾನಕ್ಕೆ ಕೂರಿಸಿದ ಪಟ್ಟಿ ಅದು. ಇದು ಒಂದು ಸಲ ಮಾಡಿ ಬಿಡೋ ಕೆಲಸ ಅಲ್ಲ. ನಮ್ಮ ಪಂಚಾಂಗದ ಹಾಗೇ ಅಲ್ಲೂ ಅಧಿಕ ಮಾಸ ಬರುತ್ತೆ, ತಿಂಗಳು ಹಿಂದೆ ಮುಂದೆ ಆಗುತ್ತೆ. ವರ್ಷ ವರ್ಷ ಕೂತು ಹೊಂದಿಸಬೇಕು. ಒಬ್ಬ ಚೋಕಾತಾ ಎಲ್ಲೋ ಒಂದು ಕಡೆ ತಪ್ಪಿದರೆ ಅವನ ಮೊಮ್ಮಕ್ಕಳು ಬೇರೆ ಯಾವುದೋ ದಿನ ಕ್ರಿಸ್ಮಸ್ ಮಾಡ್ತಾರೆ, ಸರಿ ಮಾಡೋಕೆ ಯಾರೂ ಇಲ್ಲ. ರೋಮಿಗೆ ಕಾಗದ ಬರೆದು ಕೇಳೋ ಹಾಗಿಲ್ಲ. ಚೋಕಾತಾ ಲೆಕ್ಕ ಹಾಕಿ ಹೇಳಿದ್ದನ್ನ ಕಿಕಿಯಾಕು ಮನೆಮನೆಗೆ ಮುಟ್ಟಿಸ್ತಿದ್ದ: ಈ ದಿನ ಸೂಜಿ ಹಿಡಿಯಬೇಡಿ, ಈ ದಿನ ಹೊಲಕ್ಕೆ ಗೊಬ್ಬರ ಹಾಕಬೇಡಿ. ಹೊರಗಿನವರ ಕಣ್ಣಿಗೆ ಅವರು ಬೌದ್ಧ ರೈತರು. ದೇವಸ್ಥಾನದ ರಿಜಿಸ್ಟರಿನಲ್ಲಿ ಹೆಸರು, ಸತ್ತರೆ ಬೌದ್ಧ ಭಿಕ್ಷುವಿನಿಂದಲೇ ಮಂತ್ರ. ಮನೆಯಲ್ಲಿ ಪೂಜೆಗೆ ಬಿಳಿ ಪಿಂಗಾಣಿಯ ಕಾನ್ನೊನ್ ಮೂರ್ತಿ, ತೊಡೆ ಮೇಲೆ ಮಗು. ಅಧಿಕಾರಿ ಬಂದರೆ ಅದು ಕಾನ್ನೊನ್, ಅವನು ಹೋದ ಮೇಲೆ ಮರಿಯಮ್ಮ.

ಒಂದು ಅಡ್ಡಮಾತು. ಕಾನ್ನೊನ್ ಅಂದ್ರೆ ನಮ್ಮ ಅವಲೋಕಿತೇಶ್ವರ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ 968ನೇ ಇಸವಿಯ ಶಾಸನ ಇರುವ ಲೋಕೇಶ್ವರನ ಕಂಚಿನ ವಿಗ್ರಹ ನೋಡಿದ್ದೀರಲ್ಲ, ಅದೇ ಕುಟುಂಬ. ನಮ್ಮಲ್ಲಿಂದ ಹೊರಟ ಒಬ್ಬ ಬೋಧಿಸತ್ವ ಚೀನಾದಲ್ಲಿ ಹೆಣ್ಣಾಗಿ, ಜಪಾನಿನಲ್ಲಿ ಯೇಸುವಿನ ತಾಯಿಗೆ ಮುಸುಕಾಗಿ ನಿಂತಿದ್ದು ಸಣ್ಣ ಪಯಣ ಅಲ್ಲ.

ಪ್ರತಿ ವರ್ಷದ ಆರಂಭದಲ್ಲಿ ಫುಮಿ-ಎ ನಡೀತಿತ್ತು. ಯೇಸು ಅಥವಾ ಮರಿಯಳ ಚಿತ್ರ ಇರುವ ಫಲಕ ನೆಲದ ಮೇಲೆ ಇಡ್ತಾರೆ, ಊರಿನವರೆಲ್ಲ ಒಬ್ಬೊಬ್ಬರಾಗಿ ಬಂದು ತುಳೀಬೇಕು. ಉರಾಕಾಮಿಯಲ್ಲಿ ಅದು ನಡೀತಿದ್ದದ್ದು ಊರ ಮುಖಂಡನ ಮನೆಯಲ್ಲಿ. ಉರಾಕಾಮಿಯವರು ತುಳಿದರು. ಇದನ್ನ ಮುಚ್ಚಿಡಬೇಕಾಗಿಲ್ಲ. ತುಳಿದು ಮನೆಗೆ ಬಂದು ಕೊಂಚಿರಿಸಾನ್ ಹೇಳ್ತಿದ್ದರು. ಪೋರ್ಚುಗೀಸಿನ ಒಂದು ಪದ ಜಪಾನೀ ನಾಲಿಗೆಯಲ್ಲಿ ಹೀಗಾಗಿದೆ, ಪಶ್ಚಾತ್ತಾಪದ ಪ್ರಾರ್ಥನೆ ಅಂತ ಅರ್ಥ. ವೀರರ ಕಥೆ ಬೇಕಿದ್ದವರಿಗೆ ಇದು ರುಚಿಸಲಿಕ್ಕಿಲ್ಲ. ಗುಡ್ಡದ ಮೇಲೆ ಸತ್ತವರ ಹೆಸರು ಚರ್ಚುಗಳಿಗೆ ಇಟ್ಟಿದ್ದಾರೆ. ಆದರೆ ಧರ್ಮವನ್ನ ಏಳು ತಲೆಮಾರು ದಾಟಿಸಿದ್ದು, ಬೆಳಿಗ್ಗೆ ತುಳಿದು ರಾತ್ರಿ ಅತ್ತವರು.

ಪುಸ್ತಕ ಇಲ್ಲದೆ ಬಾಯಿಂದ ಬಾಯಿಗೆ ಹೋದ ಕಥೆ ಹೇಗಾಗುತ್ತೆ ಅಂತ ನಿಮಗೆ ಗೊತ್ತೇ ಇದೆ. ಈ ಗುಪ್ತ ಕ್ರೈಸ್ತರ ಒಂದು ಬರಹ ಇದೆ, ತೆಂಚಿ ಹಜಿಮಾರಿ ನೊ ಕೊತೊ ಅಂತ ಅದರ ಹೆಸರು. ಸ್ವರ್ಗ ಭೂಮಿಗಳು ಶುರುವಾದ ಕಥೆ ಅಂತ ಅನ್ನಬಹುದು. ಅದರಲ್ಲಿ ಮರಿಯಳ ಹೆಸರು ಮಾರುಯಾ, ಅವಳಿರೋದು ಲುಜಾನ್‌ನಲ್ಲಿ, ಅಂದ್ರೆ ಫಿಲಿಪ್ಪೀನ್ಸ್‌ನಲ್ಲಿ! ಅಲ್ಲಿನ ರಾಜ ಅವಳನ್ನ ಮದುವೆ ಆಗ್ತೀನಿ ಅಂತ ಹಿಂದೆ ಬೀಳ್ತಾನೆ. ಕೊನೆಗೆ ಮಗು ಹುಟ್ಟೋದು ಕೊರೆಯೋ ಚಳಿಯಲ್ಲಿ, ಒಂದು ಕೊಟ್ಟಿಗೆಯಲ್ಲಿ. ಅಲ್ಲಿದ್ದ ದನ, ಕುದುರೆಗಳು ಎರಡೂ ಕಡೆಯಿಂದ ಉಸಿರು ಬಿಟ್ಟು ಮಗುವನ್ನ ಬೆಚ್ಚಗಿಡುತ್ತವೆ. ಭೂಗೋಳ ಎಲ್ಲ ತಲೆಕೆಳಗಾಗಿದೆ, ಆದರೆ ಕೊಟ್ಟಿಗೆ ಹಾಗೇ ಇದೆ. ಚಳಿಗಾಲದಲ್ಲಿ ದನ ಕಟ್ಟಿದ ಮನೆಯಲ್ಲಿ ಮಲಗಿದ ರೈತರು ಮರೆಯೋಕೆ ಸಾಧ್ಯವೇ ಇಲ್ಲದ ವಿವರ ಅದು.

1865. ಜಪಾನ್ ಬಾಗಿಲು ತೆರೆದಿದೆ, ವಿದೇಶಿ ವ್ಯಾಪಾರಿಗಳಿಗೆ ನಾಗಸಾಕಿಯಲ್ಲಿ ಇರೋಕೆ ಜಾಗ ಕೊಟ್ಟಿದ್ದಾರೆ. ಅವರಿಗೋಸ್ಕರ ಫ್ರೆಂಚ್ ಪಾದ್ರಿಗಳು ಒಉರಾ ಅನ್ನೋ ಕಡೆ ಒಂದು ಚರ್ಚ್ ಕಟ್ಟಿದ್ದಾರೆ. ಜಪಾನೀಯರಿಗೆ ನಿಷೇಧ ಇನ್ನೂ ಹಾಗೇ ಇದೆ. ಮಾರ್ಚ್ 17ರಂದು ಸುಮಾರು ಹದಿನೈದು ಜನ ರೈತರು ಚರ್ಚ್ ನೋಡೋಕೆ ಬಂದವರ ಹಾಗೆ ಒಳಗೆ ಬಂದರು. ಅವರಲ್ಲಿ ಒಬ್ಬ ಹೆಂಗಸು, ಯುರಿ ಅಂತ, ಪ್ರಾರ್ಥನೆ ಮಾಡ್ತಿದ್ದ ಪಾದ್ರಿ ಪೆತಿಜಾನ್ ಹತ್ತಿರ ಬಂದು ಎದೆ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು: ನಿಮ್ಮ ಮನಸ್ಸು ನಮ್ಮ ಮನಸ್ಸು ಒಂದೇ. ಆಮೇಲೆ ಸಾಂತಾ ಮಾರಿಯಾ ಎಲ್ಲಿ ಅಂತ ಕೇಳಿದಳು. ಅವರೆಲ್ಲ ಉರಾಕಾಮಿಯವರು.

ಈ ಪ್ರಸಂಗವನ್ನ ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ. ಆದರೆ ಪೆತಿಜಾನ್ ಬರೆದಿಟ್ಟ ವಿವರದಲ್ಲಿ ಮುಂದೆ ಇನ್ನೊಂದು ಮಾತು ಇದೆ. ಮರಿಯಮ್ಮನ ತೋಳಲ್ಲಿ ಮಗುವನ್ನ ನೋಡಿ ಅವರು ಕ್ರಿಸ್ಮಸ್ ಬಗ್ಗೆ ಮಾತೆತ್ತಿದರು. ಹಿಮ ಬೀಳೋ ತಿಂಗಳು ಅಂತ ಕರೆಯೋ ಹನ್ನೊಂದನೇ ತಿಂಗಳ 25ಕ್ಕೆ ನಾವು ಪ್ರಭುವಿನ ಹಬ್ಬ ಮಾಡ್ತೀವಿ, ಆ ದಿನ ನಡುರಾತ್ರಿ ಕೊಟ್ಟಿಗೆಯಲ್ಲಿ ಹುಟ್ಟಿದ ಅಂತ ಹಿರಿಯರು ಹೇಳಿದ್ದಾರೆ ಅಂದರು. ಈಗ ನಾವು ದುಃಖದ ಕಾಲದಲ್ಲಿದ್ದೀವಿ, ನಿಮ್ಮಲ್ಲೂ ಹಾಗೆ ಇದೆಯಾ ಅಂತ ವಿಚಾರಿಸಿದರು. ದುಃಖದ ಕಾಲ ಅಂದ್ರೆ ಈಸ್ಟರಿಗೆ ಮುಂಚಿನ ತಪಸ್ಸುಕಾಲ. ಪೆತಿಜಾನ್ ಲೆಕ್ಕ ಹಾಕಿದರು. ಹೌದು, ಅಂದು ತಪಸ್ಸುಕಾಲದ 17ನೇ ದಿನ.

ನಾನೂ ಲೆಕ್ಕ ಹಾಕಿ ನೋಡಿದೆ. ಆ ವರ್ಷ ಬೂದಿ ಬುಧವಾರ ಬಂದಿದ್ದು ಮಾರ್ಚ್ 1ಕ್ಕೆ. ಸರಿಯಾಗಿದೆ. ಕೊನೆಯ ಪಾದ್ರಿ ಸತ್ತು 221 ವರ್ಷ. ಬ್ಯಾಲೆನ್ಸ್ ಟ್ಯಾಲಿ ಆಯ್ತು.

ಆಸೆ, ಭರವಸೆ ಅಂತೆಲ್ಲ ನಾವು ಕ್ರಿಸ್ಮಸ್ ಬಂದಾಗ ಸುಲಭವಾಗಿ ಮಾತಾಡ್ತೀವಿ. ಉರಾಕಾಮಿಯಲ್ಲಿ ಅದು ಎದೆಯೊಳಗಿನ ಭಾವನೆಗಿಂತ ಹೆಚ್ಚಾಗಿ ಒಬ್ಬರ ತಲೆ ಮೇಲೆ ಹೊರಿಸಿದ ಕೆಲಸ ಆಗಿತ್ತು. ಉಳಿದವರಿಗೆ ನಂಬಿಕೆ ಇರಲಿ ಬಿಡಲಿ, ಬೇಸರ ಇರಲಿ, ಹಸಿವಿರಲಿ, ಚೋಕಾತಾ ಮಾತ್ರ ಕೂತು ದಿನ ಎಣಿಸಲೇಬೇಕು. ಆ ಮನೆತನದ ಏಳನೆಯ ಲೆಕ್ಕಿಗ ಕಿಚಿಜೊ 1856ರಲ್ಲಿ ಸಿಕ್ಕಿಬಿದ್ದು ಜೈಲಿನಲ್ಲೇ ಸತ್ತ. ಏಳು ತಲೆಮಾರಾದ ಮೇಲೆ ಪಾಪನಿವೇದನೆ ಕೇಳೋ ಗುರುಗಳು ದೊಡ್ಡ ಹಡಗಿನಲ್ಲಿ ಬರ್ತಾರೆ ಅಂತ ಬಾಸ್ಟಿಯನ್ ಭವಿಷ್ಯ ನುಡಿದಿದ್ದ ಅನ್ನೋದು ಅವರ ನಂಬಿಕೆ. ಕಿಚಿಜೊ ಒಂಬತ್ತು ವರ್ಷ ಮುಂಚೆ ಹೋಗಿಬಿಟ್ಟ.

ಸರಿ, ಪಾದ್ರಿ ಸಿಕ್ಕರು, ಕಷ್ಟ ಮುಗೀತಾ? ಇಲ್ಲ. ಧೈರ್ಯ ಬಂದ ಉರಾಕಾಮಿಯವರು ಬೌದ್ಧ ಅಂತ್ಯಕ್ರಿಯೆ ಬೇಡ ಅಂದರು. ನಿಷೇಧ ಜಾರಿಯಲ್ಲೇ ಇತ್ತು. 1867ರಲ್ಲಿ ಬಂಧನ ಶುರುವಾಯ್ತು. ಮರುವರ್ಷ ಬಂದ ಹೊಸ ಮೇಜಿ ಸರ್ಕಾರ ಆಧುನಿಕ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೀವಿ. ಅದೇ ಸರ್ಕಾರ ಇಡೀ ಊರನ್ನ ಎತ್ತಂಗಡಿ ಮಾಡಿತು. ಸುಮಾರು 3,400 ಜನ. ಪಶ್ಚಿಮ ಜಪಾನಿನ 20ಕ್ಕೂ ಹೆಚ್ಚು ಸಂಸ್ಥಾನಗಳಿಗೆ ಹಂಚಿ ಕಳಿಸಿದರು. ತ್ಸುವಾನೊ ಅನ್ನೋ ಬೆಟ್ಟದೂರಿನಲ್ಲಿ ಮಂಜುಗಟ್ಟಿದ ಕೊಳಕ್ಕೆ ಇಳಿಸಿದರು, ನೆಟ್ಟಗೆ ಕೂರೋಕೂ ಆಗದ ಮೂರಡಿ ಪಂಜರದಲ್ಲಿ ಹಿಮದ ನಡುವೆ ಕೂಡಿಹಾಕಿದರು. ಯಾಸುತಾರೊ ಅನ್ನೋ ಯುವಕ ಆ ಪಂಜರದಲ್ಲೇ ಸತ್ತ. ರಾತ್ರಿ ನೀಲಿ ಬಟ್ಟೆಯ ತಾಯಿ ಬಂದು ಮಾತಾಡಿಸ್ತಾಳೆ, ಹಾಗಾಗಿ ಒಂಟಿ ಅನ್ನಿಸಲ್ಲ ಅಂತ ಅವನು ಹೇಳಿದ್ದನ್ನ ಜೊತೆಯವರು ನೆನಪಿಟ್ಟರು. ಒಟ್ಟು 600ಕ್ಕೂ ಹೆಚ್ಚು ಜನ ವಾಪಸ್ ಬರಲಿಲ್ಲ.

ಯುರೋಪ್, ಅಮೆರಿಕಗಳಲ್ಲಿ ಇದಕ್ಕೆ ದೊಡ್ಡ ಗದ್ದಲ ಎದ್ದ ಮೇಲೆ 1873ರ ಫೆಬ್ರವರಿ 24ರಂದು ನಿಷೇಧದ ಫಲಕ ತೆಗೆದರು. ಮಂಗಳೂರಿನ ಕ್ಯಾಥೊಲಿಕ್ ಕೇಳುಗರಿಗೆ ಈ ತಾರೀಖು ಚುರುಕ್ ಅನ್ನಿಸಬಹುದು. 1784ರ ಫೆಬ್ರವರಿ 24, ಕೆನರಾ ಕ್ಯಾಥೊಲಿಕರನ್ನ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ ದಿನ. ಅದು ಬೇರೆ ಕಥೆ, ಬೇರೆ ಜಗಳ. ಪ್ರತ್ಯೇಕ ಕಂತೇ ಬೇಕು.

ಉರಾಕಾಮಿಯವರು ಈ ಗಡೀಪಾರನ್ನ ಏನಂತ ಕರೆದರು ಗೊತ್ತಾ? ತಾಬಿ. ಅಂದ್ರೆ ಪ್ರಯಾಣ, ಅಷ್ಟೇ. ಊರಿಗೆ ಹೋಗಿ ಬಂದೆ ಅಂತೀವಲ್ಲ, ಆ ಥರ. ವಾಪಸ್ ಬಂದಾಗ ಮನೆ ಇಲ್ಲ, ಹೊಲದಲ್ಲಿ ಕಳೆ. ಮರುವರ್ಷ ಆಮಶಂಕೆ ಬೇರೆ ಹರಡಿತು. ತಾಬಿಯಿಂದ ಬಂದ ಇವಾನಾಗಾ ಮಾಕಿ ಅನ್ನೋ ಯುವತಿ ರೋಗಿಗಳನ್ನ ನೋಡ್ಕೊಂಡಳು, ಆಮೇಲೆ ಅನಾಥ ಮಕ್ಕಳನ್ನ ಸಾಕೋಕೆ ಶುರು ಮಾಡಿ ಅದೇ ಕೆಲಸದಲ್ಲಿ ಜೀವನ ಕಳೆದಳು. ಇಂಥ ಬಡತನದಲ್ಲೇ ಊರವರು ದುಡ್ಡು ಕೂಡಿಸಿ 1880ರಲ್ಲಿ ಒಂದು ಜಾಗ ಕೊಂಡರು. ಯಾವ ಜಾಗ? ಫುಮಿ-ಎ ತುಳಿಸ್ತಿದ್ದ ಅದೇ ಮುಖಂಡನ ಮನೆ. ಅಲ್ಲೇ ಚರ್ಚ್ ಕಟ್ಟೋಕೆ 1895ರಲ್ಲಿ ಕೈಹಾಕಿ, ಇಟ್ಟಿಗೆ ಹೊತ್ತು ಹೊತ್ತು 1914ಕ್ಕೆ ಮುಗಿಸಿದರು. 1925ರಲ್ಲಿ ಅವಳಿ ಗೋಪುರ ಎದ್ದವು, ಫ್ರಾನ್ಸಿನ ಎರಡು ಗಂಟೆ ಬಂದವು. ಆ ಕಾಲಕ್ಕೆ ಪೂರ್ವ ಏಷ್ಯಾದ ಅತಿ ದೊಡ್ಡ ಚರ್ಚುಗಳಲ್ಲಿ ಒಂದು.

ಈಗ ಡಾಕ್ಟರ್ ಹತ್ತಿರ ಬರೋಣ. ನಾಗಾಯ್ ಉರಾಕಾಮಿಯವರಲ್ಲ, ಕ್ರೈಸ್ತರೂ ಆಗಿರಲಿಲ್ಲ. ನಾಗಸಾಕಿಗೆ ವೈದ್ಯಕೀಯ ಓದೋಕೆ ಬಂದು ಚರ್ಚಿನ ಹತ್ತಿರ ಮೊರಿಯಾಮಾ ಅನ್ನೋರ ಮನೆಯಲ್ಲಿ ಬಾಡಿಗೆಗೆ ಇದ್ದರು. ಆ ಮೊರಿಯಾಮಾ ಮನೆತನವೇ ಹಳೆಯ ಚೋಕಾತಾಗಳ ವಂಶ. 1932ರ ಕ್ರಿಸ್ಮಸ್ ಹಿಂದಿನ ರಾತ್ರಿ ಮನೆಯವರು ಕರೆದರು ಅಂತ ನಡುರಾತ್ರಿಯ ಪೂಜೆಗೆ ಹೋದರು. ವಿಜ್ಞಾನ ಬಿಟ್ಟರೆ ಬೇರೇನೂ ನಂಬದ ಯುವಕ ಚರ್ಚ್ ತುಂಬಾ ಕೂತ ರೈತರು ಒಂದೇ ದನಿಯಲ್ಲಿ ಹಾಡೋದನ್ನ ಕೇಳಿ ಅಲ್ಲಾಡಿಹೋದರು. ಅದೇ ಹೊತ್ತಿನಲ್ಲಿ ಮನೆಮಗಳು ಮಿದೋರಿಗೆ ಅಪೆಂಡಿಸೈಟಿಸ್ ಆದಾಗ ಅದನ್ನ ಗುರುತಿಸಿ ಆಸ್ಪತ್ರೆಗೆ ಸೇರಿಸಿದ್ದೂ ಇವರೇ. 1934ರಲ್ಲಿ ದೀಕ್ಷೆ ತಗೊಂಡರು, ಅದೇ ವರ್ಷ ಮಿದೋರಿಯನ್ನ ಮದುವೆ ಆದರು. ಎಕ್ಸ್-ರೇ ವಿಭಾಗದ ಡಾಕ್ಟರು. ಕ್ಷಯ ತಪಾಸಣೆಗೆ ದಿನಕ್ಕೆ ಲೆಕ್ಕವಿಲ್ಲದಷ್ಟು ಜನರ ಎದೆ ನೋಡಿ ನೋಡಿ, 1945ರ ಜೂನ್‌ನಲ್ಲಿ ಅವರಿಗೇ ಲ್ಯುಕೇಮಿಯಾ ಅಂತ ಗೊತ್ತಾಯ್ತು. ಇನ್ನು ಮೂರು ವರ್ಷ ಅಂದರು. ಬಾಂಬಿಗೂ ಮುಂಚೆ ಇದು.

ಆಗಸ್ಟ್ 9. ವಿಮಾನ ಹೊರಟಿದ್ದು ಕೊಕುರಾ ಪಟ್ಟಣಕ್ಕೆ. ಅಲ್ಲಿ ನೆಲ ಕಾಣಲಿಲ್ಲ, ನಾಗಸಾಕಿಗೆ ತಿರುಗಿತು. ನಾಗಸಾಕಿಯಲ್ಲೂ ಮೋಡ, ನಗರದ ನಡುಭಾಗಕ್ಕೆ ಅಂತ ಇಟ್ಟಿದ್ದ ಗುರಿ ತಪ್ಪಿ ಬಾಂಬ್ ಬಿದ್ದದ್ದು ಉರಾಕಾಮಿ ಕಣಿವೆಯ ಮೇಲೆ. ಗಂಟೆ 11:02. ಚರ್ಚಿಗೂ ಸ್ಫೋಟದ ಕೇಂದ್ರಕ್ಕೂ ಸುಮಾರು 500 ಮೀಟರ್. ಆಗಸ್ಟ್ 15ರ ಮರಿಯಮ್ಮನ ಹಬ್ಬಕ್ಕೆ ತಯಾರಾಗೋಕೆ ಜನ ಪಾಪನಿವೇದನೆಗೆ ಬಂದಿದ್ದರು. ಪಾದ್ರಿಗಳು, ಜನರು, ಒಳಗಿದ್ದ ಯಾರೂ ಉಳಿಯಲಿಲ್ಲ. ಧರ್ಮಕೇಂದ್ರದ ಸುಮಾರು 12,000 ಜನರಲ್ಲಿ 8,500 ಜನ ಸತ್ತರು. 250 ವರ್ಷದ ಕಿರುಕುಳ ಮಾಡಲಾಗದ್ದನ್ನ ಒಂದು ಕ್ರೈಸ್ತ ದೇಶದ ವಿಮಾನ ಕ್ಷಣದಲ್ಲಿ ಮಾಡಿತು. ನಾಗಾಯ್ ಗಾಯಗೊಂಡರೂ ಬದುಕಿದರು, ಎರಡು ದಿನ ರೋಗಿಗಳನ್ನ ನೋಡಿ ಮನೆ ಕಡೆ ಹೋದರು. ಅಡುಗೆಮನೆ ಇದ್ದ ಕಡೆ ಮಿದೋರಿಯ ಸುಟ್ಟ ಮೂಳೆ, ಪಕ್ಕದಲ್ಲಿ ಕರಗಿದ ಜಪಸರ. ಇಬ್ಬರು ಮಕ್ಕಳು ಅಜ್ಜಿ ಜೊತೆ ಬೇರೆ ಹಳ್ಳಿಯಲ್ಲಿದ್ದರು, ಉಳಿದರು.

ಇನ್ನೊಂದು ಪೆಟ್ಟು ಇತ್ತು. ನಾಗಸಾಕಿ ಪೇಟೆಯಲ್ಲಿ ಕೆಲವರು ಹೇಳ್ತಿದ್ದರು: ನಮ್ಮ ಸುವಾ ದೇವಸ್ಥಾನದ ದೇವರು ಪೇಟೆಯನ್ನ ಕಾಪಾಡಿದ, ಪರದೇಶದ ದೇವರ ಹಿಂದೆ ಹೋದವರಿಗೆ ಶಿಕ್ಷೆ ಆಯ್ತು. ಯುದ್ಧದಿಂದ ಮರಳಿ ಬಂದ ಯಮಾದಾ ಇಚಿತಾರೊ ಅನ್ನೋರು, ಹೆಂಡತಿ ಮಕ್ಕಳೆಲ್ಲ ಸತ್ತಿದ್ದನ್ನ ನೋಡಿ, ನಾಗಾಯ್ ಹತ್ತಿರ ಬಂದು ಇದನ್ನೇ ಕೇಳಿದರು. ಎಲ್ಲರೂ ಇದು ಶಿಕ್ಷೆ ಅಂತಿದ್ದಾರೆ, ನನ್ನ ಹೆಂಡತಿ ಮಕ್ಕಳು ಅಷ್ಟು ಕೆಟ್ಟವರಾ?

ನಾಗಾಯ್ ಅವರಿಗೆ ತಾವು ಬರೆದಿಟ್ಟಿದ್ದ ಒಂದು ಭಾಷಣದ ಹಸ್ತಪ್ರತಿ ಕೊಟ್ಟರು. ನವೆಂಬರ್ 23ರಂದು ಚರ್ಚಿನ ಅವಶೇಷದ ಮುಂದೆ ಸತ್ತವರಿಗಾಗಿ ನಡೆದ ಪೂಜೆಯಲ್ಲಿ ಓದಿದ ಭಾಷಣ ಅದು. ಅದರ ಸಾರ ಇಷ್ಟು: ಇದು ಶಿಕ್ಷೆ ಅಲ್ಲ, ಇದು ಹಾನ್ಸಾಯ್, ಅಂದ್ರೆ ಬೈಬಲಿನಲ್ಲಿ ಬರುವ ದಹನಬಲಿ. ಯುದ್ಧದ ಪಾಪ ತೊಳೆಯೋಕೆ ದೇವರು ಕಳಂಕವಿಲ್ಲದ ಕುರಿಮರಿಯಾಗಿ ಉರಾಕಾಮಿಯನ್ನ ಆರಿಸಿಕೊಂಡ. ಯುದ್ಧ ಮುಗಿದದ್ದು ಮರಿಯಮ್ಮನ ಹಬ್ಬದ ದಿನವೇ ಅಲ್ಲವೇ? ಅದಕ್ಕಾಗಿ ಕೃತಜ್ಞತೆ ಹೇಳೋಣ.

ಮೊದಲ ಸಲ ಇದನ್ನ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಸಿಟ್ಟು ಬಂತು. ಬಾಂಬ್ ಹಾಕಿದವರು ಎಲ್ಲಿ ಹೋದರು ಈ ಲೆಕ್ಕದಲ್ಲಿ? ಯುದ್ಧ ನಿಲ್ಲಿಸದೆ ಎಳೆದ ಜಪಾನಿನ ನಾಯಕರು ಎಲ್ಲಿ ಹೋದರು? ಎಲ್ಲವನ್ನೂ ದೇವರ ಖಾತೆಗೆ ಬರೆದುಬಿಟ್ಟರೆ ಮನುಷ್ಯರ ಖಾತೆ ಖಾಲಿ ಆಗುತ್ತೆ. ಇದು ನನ್ನೊಬ್ಬಳ ತಕರಾರಲ್ಲ. ಉರಾಕಾಮಿಯಲ್ಲೇ ರೋಗಿಗಳಿಗೆ ಚಿಕಿತ್ಸೆ ಕೊಟ್ಟ ಇನ್ನೊಬ್ಬ ಡಾಕ್ಟರು ಅಕಿಜುಕಿ ತತ್ಸುಇಚಿರೊಗೂ ಈ ಮಾತು ಒಪ್ಪಿಗೆ ಆಗಲಿಲ್ಲ. ಆಮೇಲೆ ಜಪಾನಿನ ವಿದ್ವಾಂಸರು ಇದನ್ನ ಕಟುವಾಗಿ ಟೀಕಿಸಿದರು. 1981ರ ಫೆಬ್ರವರಿಯಲ್ಲಿ ಹಿರೋಶಿಮಾಕ್ಕೆ ಬಂದ ಪೋಪ್ ಎರಡನೇ ಜಾನ್ ಪಾಲ್ ಯುದ್ಧ ಮನುಷ್ಯರು ಮಾಡಿದ ಕೆಲಸ ಅಂತ ನೇರವಾಗಿ ಹೇಳಿದರು. ಅಲ್ಲಿವರೆಗೆ ಬಾಯಿಬಿಡದೆ ಇದ್ದ ಎಷ್ಟೋ ಕ್ಯಾಥೊಲಿಕ್ ಸಂತ್ರಸ್ತರು ಆ ಮಾತು ಕೇಳಿದ ಮೇಲೆ ತಮ್ಮ ಕಥೆ ಹೇಳೋಕೆ ಶುರು ಮಾಡಿದರು. ಅಂದ್ರೆ ನಾಗಾಯ್ ಮಾತು ಸಮಾಧಾನ ಕೊಟ್ಟಿದ್ದೂ ನಿಜ, ಬಾಯಿ ಕಟ್ಟಿದ್ದೂ ನಿಜ.

ಆದರೂ ಯಮಾದಾ ಮುಖ ನನ್ನ ಕಣ್ಣ ಮುಂದಿಂದ ಹೋಗಲ್ಲ. ಎದುರಿಗೆ ಬಂದು ನಿಂತವನಿಗೆ ಆ ಹೊತ್ತಿಗೆ ಏನಾದರೂ ಹೇಳಬೇಕಿತ್ತು. ನಿನ್ನ ಮಕ್ಕಳಿಗೆ ಶಿಕ್ಷೆ ಆಯ್ತು ಅನ್ನೋ ಮಾತಿಗಿಂತ ನಿನ್ನ ಮಕ್ಕಳು ಪವಿತ್ರ ಬಲಿ ಅನ್ನೋದು ಅವನನ್ನ ಬದುಕಿಸಿರಬಹುದು. ನಾಗಾಯ್ ದೇವತಾಶಾಸ್ತ್ರ ನಾನು ಒಪ್ಪಲ್ಲ. ಆದರೆ ಹೆಂಡತಿಯ ಮೂಳೆಯನ್ನ ತಾನೇ ಬಕೆಟ್ಟಿಗೆ ತುಂಬಿಕೊಂಡವರು ಆಡಿದ ಮಾತದು, ದೂರದಲ್ಲಿ ಕೂತವರು ಆಡಿದ್ದಲ್ಲ. ಇದನ್ನ ಮರೆತು ಅವರನ್ನ ತೂಗೋಕೂ ನನ್ನಿಂದ ಆಗ್ತಿಲ್ಲ.

ಮತ್ತೆ ನೋಡಿ, ಡಿಸೆಂಬರ್ 24ರಂದು ಗಂಟೆ ಅಗೆಯೋಕೆ ನಾಗಾಯ್ ಜೊತೆ ಬಂದವರಲ್ಲಿ ಈ ಯಮಾದಾ ಕೂಡ ಇದ್ದರು.

ಅದಕ್ಕೇ ನನಗೆ ಭಾಷಣಕ್ಕಿಂತ ಗಂಟೆ ಹತ್ತಿರ ಅನ್ನಿಸೋದು. ಭಾಷಣ ಯಾಕೆ ಅಂತ ವಿವರಿಸೋಕೆ ಹೊರಟಿತ್ತು. ಗಂಟೆ ಏನನ್ನೂ ವಿವರಿಸಲ್ಲ, ಇವತ್ತು ಯಾವ ದಿನ, ಈಗ ಯಾವ ಹೊತ್ತು ಅಂತ ಹೇಳುತ್ತೆ. ಚೋಕಾತಾ ಮಾಡ್ತಿದ್ದ ಕೆಲಸವೇ ಅದು. ಆಗ ಗುಟ್ಟಾಗಿ ಕಿವಿಯಿಂದ ಕಿವಿಗೆ, ಈಗ ಕಣಿವೆಗೆಲ್ಲ ಕೇಳೋ ಹಾಗೆ. ಜೋಪಡಿಗಳಲ್ಲಿ ಮಲಗಿದ್ದವರಿಗೆ ಆ ಸಂಜೆ ಯಾರೋ ಲೆಕ್ಕ ಬಿಟ್ಟಿಲ್ಲ ಅಂತ ಗೊತ್ತಾಯ್ತು.

ನಾಗಾಯ್ 1946ರಲ್ಲಿ ಈ ಎಲ್ಲವನ್ನೂ ಬರೆದರು. ಅಮೆರಿಕದ ಆಡಳಿತ ಮೂರು ವರ್ಷ ತಡೆದು, ಮನಿಲಾದಲ್ಲಿ ಜಪಾನೀ ಸೈನ್ಯ ನಡೆಸಿದ ಅತ್ಯಾಚಾರಗಳ ವರದಿಯನ್ನ ಅದರ ಜೊತೆಗೇ ಅಚ್ಚು ಹಾಕಿದರೆ ಮಾತ್ರ ಅನುಮತಿ ಅಂದಿತು. 1949ರಲ್ಲಿ ಪುಸ್ತಕ ಬಂತು, ನಾಗಸಾಕಿಯ ಗಂಟೆ ಅಂತ. ಎರಡು ಚಾಪೆ ಅಗಲದ ಗುಡಿಸಲಿನಲ್ಲಿ ಮಲಗಿಕೊಂಡೇ ಬರೀತಾ, ಮೂರು ವರ್ಷ ಅಂದಿದ್ದ ಆಯಸ್ಸನ್ನ ಆರಕ್ಕೆ ಎಳೆದು, 1951ರ ಮೇ 1ರಂದು ತೀರಿಕೊಂಡರು. ಹಳೆಯ ಚರ್ಚಿನ ಅವಶೇಷವನ್ನ ಉಳಿಸಬೇಕೋ ಬೇಡವೋ ಅಂತ ಊರಲ್ಲಿ ದೊಡ್ಡ ಚರ್ಚೆ ಆಗಿ, ಕೊನೆಗೆ ಅದನ್ನ ಕೆಡವಿ 1959ರಲ್ಲಿ ಅಲ್ಲೇ ಹೊಸ ಚರ್ಚ್ ಕಟ್ಟಿದರು. ಅಗೆದು ತೆಗೆದ ಗಂಟೆ ಬಲಗೋಪುರದಲ್ಲಿ ಈಗಲೂ ಇದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೊಡೆಯುತ್ತೆ. ಎಡಗೋಪುರ ಖಾಲಿ ಇತ್ತು.

ಆ ಖಾಲಿ ಗೋಪುರದ ಕಥೆ ಹೇಳಿ ಮುಗಿಸ್ತೀನಿ. ಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿ ಜೇಮ್ಸ್ ನೋಲನ್ ಅಂತ ಒಬ್ಬ ಡಾಕ್ಟರ್ ಕೆಲಸ ಮಾಡಿದ್ದರು. ಅವರ ಮೊಮ್ಮಗ, ಅದೇ ಹೆಸರಿನ ಸಮಾಜಶಾಸ್ತ್ರದ ಪ್ರಾಧ್ಯಾಪಕರು, ಸಂಶೋಧನೆಗೆ ಅಂತ ನಾಗಸಾಕಿಗೆ ಹೋಗಿದ್ದಾಗ ಅಲ್ಲಿನ ಒಬ್ಬ ಕ್ಯಾಥೊಲಿಕ್ ಈ ಮಾತು ತೆಗೆದರು: ಅಮೆರಿಕದ ಕ್ಯಾಥೊಲಿಕರು ನಮಗೆ ಎಡಗೋಪುರದ ಗಂಟೆ ಕೊಟ್ಟರೆ ಹೇಗೆ? ನೋಲನ್ ವಾಪಸ್ ಹೋಗಿ ಚರ್ಚ್ ಚರ್ಚಿಗೆ ಸುತ್ತಿ ದೇಣಿಗೆ ಎತ್ತಿದರು. 2025ರ ಆಗಸ್ಟ್ 9ರ ಬೆಳಿಗ್ಗೆ 11:02ಕ್ಕೆ, 80 ವರ್ಷ ಆದ ಮೇಲೆ, ಉರಾಕಾಮಿಯ ಎರಡು ಗಂಟೆಗಳೂ ಮೊದಲ ಸಲ ಒಟ್ಟಿಗೆ ಹೊಡೆದವು. ಒಂದು ಅವಶೇಷದಿಂದ ಎದ್ದು ಬಂದಿದ್ದು, ಇನ್ನೊಂದು ಬಾಂಬ್ ಹಾಕಿದ ದೇಶದಿಂದ ಬಂದಿದ್ದು.

ಈ ಡಿಸೆಂಬರ್ 24ರ ಸಂಜೆ ನೀವು ಎಲ್ಲಿದ್ದರೂ, ಪಕ್ಕದ ಚರ್ಚಿನ ಗಂಟೆ ಕೇಳಿಸಿದರೆ ನನಗೊಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಕಂತಿನಲ್ಲಿ ಕೇಳಿಸ್ತೀನಿ. ಹಬ್ಬದ ಶುಭಾಶಯ. ನಮಸ್ಕಾರ.